ವಿಜಯನಗರವನ್ನು ಓದುವ ವೇಗ

ಹಂಪೆಯನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರಹಗಳಿಗೆ ಲೆಕ್ಕವಿಲ್ಲ. ಅರಸರು, ಯುದ್ಧಗಳು, ಶಾಸನಗಳು, ಶಿಲ್ಪಗಳು, ಆ ನೆಲದಲ್ಲಿ ಬಾಳಿದ ಕವಿಗಳು, ದಾಸರು ಎಲ್ಲರೂ ಚರ್ಚೆಗೆ ಬಂದಿದ್ದಾರೆ. ಆದರೆ ಆ ನೆಲದ ಮೇಲೆ ಯಾವ ವೇಗದಲ್ಲಿ ಸಂಚರಿಸಬೇಕು ಎಂಬುದನ್ನು ವಿದ್ವತ್ತಿನ ಪ್ರಶ್ನೆಯೆಂದು ನಾವು ಪರಿಗಣಿಸಿದ್ದು ಕಡಿಮೆ. ಅದನ್ನು ಪ್ರವಾಸೋದ್ಯಮದವರ ಪಾಲಿಗೆ ಬಿಟ್ಟುಕೊಟ್ಟಿದ್ದೇವೆ. ಹಂಪೆಯ ಒಳವಲಯದಲ್ಲಿ ಮೋಟಾರು ವಾಹನಗಳ ಕಾಟವಿಲ್ಲದ ಸೈಕಲ್ ದಾರಿಗಳು ಇರಬೇಕು, ಮತ್ತು ಆ ಬೇಡಿಕೆಯನ್ನು ಸಾಹಿತ್ಯ ಹಾಗೂ ಚರಿತ್ರೆಯ ಅಭ್ಯಾಸಿಗಳೇ ಮುಂದಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ನಿರೂಪಿಸುತ್ತೇನೆ.

ಯುನೆಸ್ಕೊ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಹಂಪೆಯ ಸ್ಮಾರಕ ಸಮೂಹ ಸುಮಾರು 41 ಚದರ ಕಿಲೋಮೀಟರುಗಳಲ್ಲಿ ಹರಡಿದೆ. ಉಳಿದಿರುವ ಅವಶೇಷಗಳು 1,600ಕ್ಕೂ ಹೆಚ್ಚು. ಒಂದು ಹಗಲಿಗಾಗಿ ಬರುವ ಪ್ರವಾಸಿ ಅವುಗಳಲ್ಲಿ ಎಂಟು ಹತ್ತನ್ನು ನೋಡುತ್ತಾನೆ. ವಿರೂಪಾಕ್ಷ ದೇವಾಲಯ, ಉಗ್ರನರಸಿಂಹ, ಕಮಲಮಹಲು, ಆನೆಲಾಯ, ಕಲ್ಲಿನ ರಥ. ಕಾರು ಒಂದು ತಾಣದ ಬಾಗಿಲಲ್ಲಿ ಹತ್ತಿಸಿಕೊಂಡು ಇನ್ನೊಂದರ ಬಾಗಿಲಲ್ಲಿ ಇಳಿಸುತ್ತದೆ. ನಡುವಿನ ನೆಲ ಕಿಟಕಿಯಾಚೆ ಸರಿದುಹೋಗುತ್ತದೆ. ಹೀಗೆ ನೋಡಿದವನ ನೆನಪಿನಲ್ಲಿ ಹಂಪೆ ಬಿಡಿಬಿಡಿ ಕಟ್ಟಡಗಳ ಗುಂಪಾಗಿ ಉಳಿಯುತ್ತದೆಯೇ ಹೊರತು ಒಂದು ನಗರವಾಗಿ ಉಳಿಯುವುದಿಲ್ಲ. ಕಾಲ್ನಡಿಗೆಯಲ್ಲಿ ಈ ವಿಸ್ತಾರವನ್ನು ಒಂದೆರಡು ದಿನಗಳಲ್ಲಿ ಮುಗಿಸಲಾಗದು. ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರು ಸಾಗುವ, ಬೇಕೆಂದಲ್ಲಿ ಬಂಡೆಗೆ ಒರಗಿಸಿ ಇಳಿಯಬಹುದಾದ ಸೈಕಲ್ ಈ ನೆಲದ ಅಳತೆಗೆ ಹೇಳಿ ಮಾಡಿಸಿದಂತಿದೆ.

ನಡುವಿನ ನೆಲಕ್ಕೆ ಇಷ್ಟು ಮಹತ್ವವೇಕೆ ಎಂದು ಕೇಳಬಹುದು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಈ ನಗರವನ್ನು ಏಳು ಸುತ್ತಿನ ಕೋಟೆಗಳ ಮೂಲಕ ವರ್ಣಿಸುತ್ತಾನೆ. ಹೊರಗಿನ ಮೂರು ಸುತ್ತುಗಳ ನಡುವೆ ಹೊಲ, ತೋಟ, ಮನೆಗಳು. ಅಲ್ಲಿಂದ ಒಳಕ್ಕೆ ಅರಮನೆಯವರೆಗೆ ಅಂಗಡಿಗಳು, ಕಿಕ್ಕಿರಿದ ಪೇಟೆಗಳು. ಅಂದರೆ ಆತ ಕಂಡ ನಗರ ಹಂತಹಂತವಾಗಿ ದಟ್ಟವಾಗುತ್ತ ಹೋಗುವ ಒಂದು ಅನುಭವ. 16ನೆಯ ಶತಮಾನದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕೂಡ ಬಾಗಿಲು, ಬೀದಿ, ಕೆರೆ, ತೋಟ ಎಂಬ ಕ್ರಮದಲ್ಲಿಯೇ ನಗರದೊಳಕ್ಕೆ ಬರುತ್ತಾನೆ. ಈ ಬರಹಗಳನ್ನು ತರಗತಿಯಲ್ಲಿ ಬೋಧಿಸುವಾಗ ವಿದ್ಯಾರ್ಥಿಗಳಿಗೆ ಅತಿಶಯೋಕ್ತಿ ಯಾವುದು, ಕಣ್ಣಾರೆ ಕಂಡದ್ದು ಯಾವುದು ಎಂದು ವಿಂಗಡಿಸಲು ಕಷ್ಟವಾಗುತ್ತದೆ. ಆ ದೂರಗಳನ್ನು ಸ್ವತಃ ಕ್ರಮಿಸಿದವರಿಗೆ ಅದು ಅಷ್ಟು ಕಷ್ಟವಲ್ಲ. ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ 1980ರ ದಶಕದಿಂದ ಎರಡು ದಶಕಗಳ ಕಾಲ ಈ ನೆಲವನ್ನು ನಡೆದು ನಕ್ಷೆಗಿಳಿಸಿದರು. ನಗರದ ಹಳೆಯ ದಾರಿಗಳು ಹಜಾರರಾಮ ದೇವಾಲಯದ ಸುತ್ತಲಿನ ಬಯಲಿನಲ್ಲಿ ಬಂದು ಕೂಡುತ್ತವೆ ಎಂದು ತೋರಿಸಿದ್ದು ಆ ನಡಿಗೆಯ ಫಲ.

ಜೈನ ಸ್ಮಾರಕಗಳ ಉದಾಹರಣೆಯಿಂದ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಕಮಲಾಪುರದಿಂದ ತಳವಾರಘಟ್ಟದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಗಾಣಗಿತ್ತಿ ಬಸದಿ ಇದೆ. ಇಮ್ಮಡಿ ಹರಿಹರನ ದಂಡನಾಯಕನಾದ ಇರುಗಪ್ಪ 1385ರಲ್ಲಿ ಕುಂಥುನಾಥ ತೀರ್ಥಂಕರರಿಗಾಗಿ ಕಟ್ಟಿಸಿದ ಚೈತ್ಯಾಲಯವಿದು. ಗುರುಪರಂಪರೆಯನ್ನು ವಿವರಿಸುವ ಶಾಸನ ಎದುರಿನ ದೀಪಸ್ತಂಭದ ಮೇಲಿದೆ. ‘ನಾನಾರ್ಥರತ್ನಮಾಲಾ’ ಎಂಬ ಸಂಸ್ಕೃತ ನಿಘಂಟಿನ ಕರ್ತೃವೂ ಇದೇ ಇರುಗಪ್ಪ. ಕತ್ತಿ ಹಿಡಿದ ಕೈಯಲ್ಲಿಯೇ ಕೋಶ ರಚಿಸಿದ ವ್ಯಕ್ತಿಯ ಕಟ್ಟಡದ ಮುಂದೆ ದಿನವೂ ನೂರಾರು ವಾಹನಗಳು ನಿಲ್ಲದೆ ಹಾದುಹೋಗುತ್ತವೆ. ಹಜಾರರಾಮ ದೇವಾಲಯದ ಬಳಿಯಿಂದ ಈಶಾನ್ಯಕ್ಕೆ ಹೊರಡುವ ಪಾನ್‌ಸುಪಾರಿ ಬೀದಿಯಲ್ಲಿ ಇಮ್ಮಡಿ ದೇವರಾಯ 1426ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಚೈತ್ಯಾಲಯವಿದೆ. ಎಲೆಅಡಿಕೆ ಮಾರುವ ಪೇಟೆಯ ನಡುವೆ, ಅರಮನೆಯ ನೆರೆಯಲ್ಲಿ ಒಂದು ಜಿನಾಲಯ ನಿಂತಿತ್ತು ಎಂಬ ಸಂಗತಿ ಆ ಬೀದಿಯ ಉದ್ದಕ್ಕೂ ಸಾಗಿದವನಿಗೆ ಮಾತ್ರ ಅರ್ಥಪೂರ್ಣವಾಗುತ್ತದೆ.

ಇನ್ನು ಹೇಮಕೂಟದ ಮೇಲಿನ ಮೆಟ್ಟಿಲು ಶಿಖರದ ಗುಡಿಗಳನ್ನು ಜನರು ಬಹುಕಾಲ ಜೈನ ಬಸದಿಗಳೆಂದೇ ಕರೆದರು. ಅವುಗಳಲ್ಲಿ ಹೆಚ್ಚಿನವು ಶಿವಾಲಯಗಳು. ಗಾಣಗಿತ್ತಿ ಬಸದಿಯ ಶಿಖರವೂ ಅದೇ ಬಗೆಯದು. ಒಂದೇ ಮುಂಜಾನೆ ಹೇಮಕೂಟವನ್ನು ಹತ್ತಿ ಇಳಿದು, ಸೈಕಲ್ ಏರಿ ಗಾಣಗಿತ್ತಿಗೆ ಬಂದ ವಿದ್ಯಾರ್ಥಿಗೆ ಕಟ್ಟಡದ ಶೈಲಿ ಮತದ ಗುರುತಲ್ಲ, ಕಾಲ ಮತ್ತು ಪ್ರದೇಶದ ಗುರುತು ಎಂಬ ಪಾಠ ಕಣ್ಣಿನಿಂದಲೇ ದೊರಕುತ್ತದೆ. ಶೈವ, ವೈಷ್ಣವ, ಜೈನ ಎಂದು ಅಧ್ಯಾಯಗಳನ್ನು ವಿಂಗಡಿಸುವ ನಮ್ಮ ಪಠ್ಯಪುಸ್ತಕಗಳು ಈ ಪಾಠವನ್ನು ಅಷ್ಟು ಸುಲಭವಾಗಿ ಕಲಿಸಲಾರವು.

ಹಂಪೆಗೂ ವಾಹನಕ್ಕೂ ನಡೆದ ಜಗಳ ಹೊಸದೇನಲ್ಲ. ತುಂಗಭದ್ರೆಗೆ ಅಡ್ಡಲಾಗಿ ಸಂರಕ್ಷಿತ ವಲಯದೊಳಗೆ ಸೇತುವೆಗಳನ್ನು ಕಟ್ಟತೊಡಗಿದ ಕಾರಣಕ್ಕೆ ಯುನೆಸ್ಕೊ 1999ರಲ್ಲಿ ಹಂಪೆಯನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು. 2006ರಲ್ಲಿ ಆ ಪಟ್ಟಿಯಿಂದ ಹಂಪೆ ಹೊರಬಂತು. ತಳವಾರಘಟ್ಟ ಮತ್ತು ಆನೆಗೊಂದಿಯ ನಡುವಿನ ಸೇತುವೆ 2009ರ ಜನವರಿಯಲ್ಲಿ, ಕಾಮಗಾರಿ ನಡೆಯುತ್ತಿದ್ದಾಗಲೇ ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಈ ದುರಂತದ ಹಿಂದಿನ ವಾದವನ್ನು ಮರೆಯಬಾರದು. ಆನೆಗೊಂದಿಯ ಜನರಿಗೆ ನದಿ ದಾಟುವ ಅಗತ್ಯ ನಿಜವಾಗಿಯೂ ಇತ್ತು. ಭಾರಿ ವಾಹನಗಳ ಹೆದ್ದಾರಿ ಸ್ಮಾರಕಗಳ ನಡುವೆ ಹಾಯಬಾರದು ಎಂಬ ಆತಂಕವೂ ನಿಜವಾಗಿತ್ತು. ಜನರ ಸಂಚಾರ ಮತ್ತು ಭಾರಿ ವಾಹನಗಳ ಸಂಚಾರ ಎರಡನ್ನೂ ಬೇರೆಬೇರೆಯಾಗಿ ಯೋಚಿಸದಿದ್ದುದೇ ಆ ಬಿಕ್ಕಟ್ಟಿನ ಮೂಲ. ಈಗ ಕೆಳಹರಿವಿನಲ್ಲಿ ಬುಕ್ಕಸಾಗರ ಮತ್ತು ಕಡೆಬಾಗಿಲುಗಳ ನಡುವೆ ಸೇತುವೆ ಇರುವುದರಿಂದ, ಒಳವಲಯವನ್ನು ಹಗುರ ಸಂಚಾರಕ್ಕೆ ಮೀಸಲಿಡುವುದು ಹಿಂದಿಗಿಂತ ಸುಲಭವಾಗಿದೆ.

ಇಂಥ ವ್ಯವಸ್ಥೆ ಬೇರೆಡೆ ಹೇಗೆ ನಡೆದಿದೆ ಎಂಬುದಕ್ಕೆ ಫ್ರಾನ್ಸಿನ ಬರ್ಗಂಡಿ ಪ್ರಾಂತದ ಒಂದು ನಿದರ್ಶನ ಸಾಕು. ಅಲ್ಲಿಯ ಕ್ಲೂನಿ ಎಂಬ ಊರಿನಲ್ಲಿ 910ರಲ್ಲಿ ಸ್ಥಾಪಿತವಾದ ಕ್ರೈಸ್ತ ಮಠವೊಂದು ಇಡೀ ಯುರೋಪಿನ ಮಠಜೀವನವನ್ನು ಪ್ರಭಾವಿಸಿತು. ಫ್ರೆಂಚ್ ಕ್ರಾಂತಿಯ ತರುವಾಯ ಅದರ ಮಹಾ ಚರ್ಚನ್ನು ಕೆಡವಿ ಕಲ್ಲುಗಳನ್ನು ಮಾರಿಕೊಂಡರು. ಇಂದು ಉಳಿದಿರುವುದು ಅದರ ಸಣ್ಣ ಭಾಗ. ಅದೂ ಒಂದು ಬಗೆಯ ಹಾಳು ಹಂಪೆಯೇ. ರೈಲು ನಿಂತುಹೋದ ಹಳಿಯ ದಾರಿಯನ್ನು ಬಳಸಿಕೊಂಡು ಜಿವ್ರಿ ಎಂಬ ಊರಿನಿಂದ ಕ್ಲೂನಿಯವರೆಗೆ 1997ರಲ್ಲಿ ಮೋಟಾರು ವಾಹನಗಳಿಲ್ಲದ ದಾರಿಯನ್ನು ತೆರೆದರು. ಆ ದೇಶದಲ್ಲಿ ‘ಹಸಿರು ದಾರಿ’ ಎಂದು ಕರೆಯುವ ಮಾರ್ಗಗಳಲ್ಲಿ ಅದೇ ಮೊದಲನೆಯದು. ದ್ರಾಕ್ಷಿ ತೋಟ, ಹಳ್ಳಿಯ ಚರ್ಚು, ಹಳೆಯ ಕೋಟೆಮನೆಗಳ ನಡುವೆ ಹಾದು ಬಂದವರು ಮಠವನ್ನು ಅದನ್ನು ಸಾಕಿದ ಗ್ರಾಮಾಂತರದೊಂದಿಗೆ ಸೇರಿಸಿ ನೋಡುತ್ತಾರೆ. ರೈಲಿಗಾಗಿ ಕಟ್ಟಿದ ದಾರಿಯಾದ್ದರಿಂದ ಏರುತಗ್ಗು ಕಡಿಮೆ. ಮಕ್ಕಳೂ ವೃದ್ಧರೂ ಸಾಗಬಲ್ಲರು.

ಹಂಪೆಯಲ್ಲಿ ಹಾಳುಬಿದ್ದ ರೈಲುದಾರಿ ಇಲ್ಲ. ಆದರೆ ಅದಕ್ಕಿಂತ ಮೇಲಾದದ್ದು ಇದೆ. ವಿಜಯನಗರದ ಕಾಲದ ತುರ್ತಾ ಕಾಲುವೆ ಇಂದಿಗೂ ಹರಿಯುತ್ತ, ವಿರೂಪಾಕ್ಷನ ಸನ್ನಿಧಿಗೂ ಅರಮನೆಯ ಆವರಣಕ್ಕೂ ನಡುವಿನ ಕಣಿವೆಯಲ್ಲಿ ಬಾಳೆ, ಕಬ್ಬು, ಭತ್ತಗಳಿಗೆ ನೀರುಣಿಸುತ್ತಿದೆ. ನೀರು ಹರಿಯಬೇಕಾದರೆ ಇಳಿಜಾರು ಮೆದುವಾಗಿರಬೇಕು. ಆದ್ದರಿಂದ ಕಾಲುವೆಯ ಬದಿಯ ಹಾದಿ ಸೈಕಲಿಗೂ ಮೆದುವೇ. ಸಾಧ್ಯವಿರುವ ಕಡೆಗಳಲ್ಲಿ ಈ ಮಣ್ಣಿನ ಹಾದಿಗಳನ್ನು ಡಾಂಬರು ಬಳಿಯದೆ ಸರಿಪಡಿಸಿ, ಹಳೆಯ ಬೀದಿಗಳಿಗೆ ಜೋಡಿಸಬೇಕು. ಅವು ಕೂಡದ ಕಡೆ, ಕಮಲಾಪುರ, ತಳವಾರಘಟ್ಟ ಮತ್ತು ಹಂಪೆಯ ನಡುವಿನ ರಸ್ತೆಗಳಲ್ಲಿ ಬೆಳಗಿನ ಮತ್ತು ಸಂಜೆಯ ಕೆಲವು ಗಂಟೆಗಳ ಕಾಲ ಪ್ರವಾಸಿಗರ ವಾಹನಗಳನ್ನು ತಡೆಯಬೇಕು. ವಿಠ್ಠಲ ದೇವಾಲಯದ ಕಡೆಗೆ ಪ್ರವಾಸಿ ವಾಹನಗಳನ್ನು ದೂರದಲ್ಲಿಯೇ ನಿಲ್ಲಿಸಿ ಬ್ಯಾಟರಿ ಗಾಡಿಗಳನ್ನು ಓಡಿಸುವ ಪದ್ಧತಿ ಈಗಾಗಲೇ ಇದೆ. ತತ್ತ್ವವನ್ನು ಒಪ್ಪಿಯಾಗಿದೆ, ಉಳಿದಿರುವುದು ವಿಸ್ತರಣೆ.

ಈ ವಾದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು ಸ್ಥಳೀಯರದು. 2011ರಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು ಪರಂಪರೆಯ ಹೆಸರಿನಲ್ಲಿಯೇ ಒಕ್ಕಲೆಬ್ಬಿಸಲಾಯಿತು. ಆದ್ದರಿಂದ ಸಂರಕ್ಷಣೆ ಎಂಬ ಮಾತು ಕೇಳಿದೊಡನೆ ಹಂಪೆಯವರು ಬೆಚ್ಚುವುದು ಸಹಜ. ಸೈಕಲ್ ದಾರಿಗೆ ಯಾರ ಮನೆಯನ್ನೂ ಕೆಡವಬೇಕಿಲ್ಲ. ರೈತರ ಟ್ರ್ಯಾಕ್ಟರು, ಶಾಲೆಯ ವಾಹನ, ಆಂಬುಲೆನ್ಸುಗಳಿಗೆ ತಡೆ ಇರಬಾರದು ಎಂಬುದನ್ನು ನಿಯಮದಲ್ಲಿಯೇ ಬರೆಯಬೇಕು. ಎರಡನೆಯದು ಆಟೋ ಓಡಿಸುವವರ ಜೀವನೋಪಾಯ. ಬಾಡಿಗೆ ಸೈಕಲ್, ದುರಸ್ತಿ, ಮಾರ್ಗದರ್ಶನ ಇವುಗಳ ಪರವಾನಗಿಯಲ್ಲಿ ಅವರಿಗೇ ಮೊದಲ ಹಕ್ಕು ಸಿಗದಿದ್ದರೆ ಈ ಯೋಜನೆ ಅನ್ಯಾಯವಾದೀತು. ಮೂರನೆಯದು ಬಿಸಿಲು. ಬೇಸಗೆಯ ಮಧ್ಯಾಹ್ನ ಆ ಬಂಡೆಗಳ ನಡುವೆ ಸೈಕಲ್ ತುಳಿಯಿರಿ ಎಂದು ಯಾರೂ ಹೇಳಲಾರರು. ನವೆಂಬರಿನಿಂದ ಫೆಬ್ರವರಿಯವರೆಗಿನ ಬೆಳಗು ಸಂಜೆಗಳು ಸಾಕು. ಸೈಕಲ್ ತುಳಿಯಲಾರದವರಿಗೆ ಬ್ಯಾಟರಿ ಗಾಡಿ ಇದ್ದೇ ಇರುತ್ತದೆ.

ಇದು ಅಧಿಕಾರಿಗಳು ಮಾಡಬೇಕಾದ ಕೆಲಸ, ನಮಗೇನು ಎಂದು ಸಂಶೋಧಕರು ಸುಮ್ಮನಿರಬಾರದು. ಯಾವ ದಾರಿಯಲ್ಲಿ ಯಾವ ಶಾಸನವಿದೆ, ಯಾವ ಬಾಗಿಲಿನ ಹಳೆಯ ಹೆಸರೇನು, ಯಾವ ಗುಡಿಯನ್ನು ಜನ ತಪ್ಪಾಗಿ ಕರೆಯುತ್ತಾರೆ ಎಂಬುದನ್ನು ತಿಳಿಸುವ ಕೈಪಿಡಿಯನ್ನು ಬರೆಯಬಲ್ಲವರು ನಾವೇ. ಸಾಮ್ರಾಜ್ಯ ಹುಟ್ಟುವ ಮೊದಲೇ ಹರಿಹರ ಕವಿ ‘ಪಂಪಾಶತಕ’ವನ್ನು ಬರೆದದ್ದು ಇದೇ ವಿರೂಪಾಕ್ಷನನ್ನು ಕುರಿತು, ಕಲ್ಲಿನ ರಥದ ಮುಂದೆ ಚಿತ್ರ ತೆಗೆಸಿಕೊಳ್ಳುವ ಎಷ್ಟು ಮಂದಿಗೆ ಅದು ಗೊತ್ತು? ಕನ್ನಡ ವಿಭಾಗಗಳ ಅಧ್ಯಯನ ಪ್ರವಾಸಗಳಾದರೂ ಬಸ್ಸನ್ನು ಕಮಲಾಪುರದಲ್ಲಿ ನಿಲ್ಲಿಸಿ ಅಲ್ಲಿಂದ ಮುಂದೆ ಸೈಕಲಿನಲ್ಲಿ ಸಾಗುವ ಪರಿಪಾಠವನ್ನು ಆರಂಭಿಸಲಿ.

ವಿಜಯನಗರದ ಕೋಟೆಬಾಗಿಲುಗಳಲ್ಲಿ ಅನೇಕವು ನೇರವಾಗಿ ತೆರೆದುಕೊಳ್ಳುವುದಿಲ್ಲ. ಒಳಹೊಕ್ಕವನು ಗೋಡೆಗೆ ಎದುರಾಗಿ, ಒಮ್ಮೆ ತಿರುಗಿ, ಮತ್ತೆ ತಿರುಗಿ ಮುಂದುವರಿಯಬೇಕು. ಶತ್ರುವಿನ ಕುದುರೆಯ ವೇಗವನ್ನು ಮುರಿಯುವುದಕ್ಕಾಗಿ ಹಾಗೆ ಕಟ್ಟಿದರು. ಆ ತಿರುವುಗಳನ್ನು ಬಿಟ್ಟು ಹೊಸ ರಸ್ತೆಗಳನ್ನು ನೇರ ಮಾಡಿಕೊಂಡವರು ನಾವು. ನಗರವನ್ನು ಕಟ್ಟಿದವರು ನಿಗದಿಪಡಿಸಿದ ವೇಗಕ್ಕೆ ಮರಳಲು ಇನ್ನೂ ಅವಕಾಶವಿದೆ.