ಸ್ತ್ರೀಶಕ್ತಿ ಇರೋದು ಪಿರಮಿಡ್ಡಿನಲ್ಲಾ?

ಹೆಂಗಸರೇ ಗುಂಪು ಕಟ್ಟಿಕೊಂಡು ಗ್ವಾಟೆಮಾಲಾಕ್ಕೆ ಹೋಗಿ ಟಿಕಾಲ್ ಪಿರಮಿಡ್ಡಿನೆದುರು ಧ್ಯಾನ ಮಾಡಿಬರುವ ‘ಮಾಯಾ ಯಾತ್ರೆ’ಗಳಿವೆಯಲ್ಲ, ನನಗೆ ಅವುಗಳ ಮೇಲೆ ಸಿಟ್ಟಿಲ್ಲ ಕಣ್ರೀ. 13 ಮತ್ತು 20ರ ಎರಡು ಕೌಂಟರ್ ಒಟ್ಟಿಗೆ ಓಡುವ 260 ದಿನಗಳ ಪಂಚಾಂಗ ನೋಡಿ ದಿನ ಹೇಳುವವರು ಅಲ್ಲಿ ಇವತ್ತಿಗೂ ಇದ್ದಾರೆ, ಹೆಂಗಸರೂ ಇದ್ದಾರೆ. (2012ರ ಪ್ರಳಯದ ಗಲಾಟೆ ಎಬ್ಬಿಸಿದ್ದು ಇವರಲ್ಲ ಬಿಡಿ!)

ಆದ್ರೆ ಸ್ತ್ರೀಶಕ್ತಿ ಹುಡುಕಿ ಹೋದವರು ಸೆಪುರ್ ಸಾರ್ಕೋ ಹೆಸರನ್ನಾದರೂ ಕೇಳಬೇಡವೇ? ಅಂತರ್ಯುದ್ಧದಲ್ಲಿ, 1980ರ ದಶಕದ ಆರಂಭದಲ್ಲಿ, ಅಲ್ಲಿನ ಸೇನಾ ನೆಲೆಯವರು ಗಂಡಂದಿರನ್ನು ನಾಪತ್ತೆ ಮಾಡಿ, ಮಾಯಾ ಹೆಂಗಸರನ್ನು ಲೈಂಗಿಕ ಗುಲಾಮರನ್ನಾಗಿಸಿದ್ದರು. ಅಜ್ಜಿಯರಾದ ಮೇಲೆ ಅವರು ಮುಖಕ್ಕೆ ಶಾಲು ಮುಚ್ಚಿಕೊಂಡು ಕೋರ್ಟಿನಲ್ಲಿ ಕೂತರು. 2016ರಲ್ಲಿ ಗೆದ್ದರು! ಒಬ್ಬ ಅಪರಾಧಿಗೆ 120 ವರ್ಷ, ಇನ್ನೊಬ್ಬನಿಗೆ 240.

ಆ ಊರೂ ಪ್ರವಾಸಿ ತಾಣ ಆಗೋದು ಬೇಡ. ಬಸ್ಸಿನಲ್ಲಿ ಗೈಡ್ ಹತ್ರ ಆ ಅಜ್ಜಿಯರ ಬಗ್ಗೆ ಒಂದು ಪ್ರಶ್ನೆ ಕೇಳಿ, ಸಾಕು.