ಅಪರಾಧಕ್ಕೂ ಒಂದು ಊರು ಬೇಕು

ಜೀತು ಜೋಸೆಫ್ ನಿರ್ದೇಶನದ ಮಲಯಾಳಂ ‘ದೃಶ್ಯಂ’ 2013ರಲ್ಲಿ ತೆರೆಕಂಡಿತು. ಮರುವರ್ಷವೇ ಪಿ. ವಾಸು ಅದನ್ನು ಕನ್ನಡಕ್ಕೆ ತಂದರು, ರವಿಚಂದ್ರನ್ ನಾಯಕರಾದರು. 2015ರ ಹಿಂದಿ ಚಿತ್ರದಲ್ಲಿ ಕಥೆ ಗೋವಾಕ್ಕೆ ಹೋಯಿತು. 2019ರ ಚೀನೀ ಚಿತ್ರದಲ್ಲಿ ಥಾಯ್ಲೆಂಡಿಗೆ ದಾಟಿತು. ಎಲ್ಲ ಕಡೆಯೂ ಹೆಣ ಒಂದೇ, ಗುಟ್ಟೂ ಒಂದೇ. ಆದರೆ ‘ಅವತ್ತು ನಾವು ಊರಲ್ಲೇ ಇರಲಿಲ್ಲ’ ಎಂದು ಸಾಧಿಸಲು ಮನೆಮಂದಿ ಎಲ್ಲಿಗೆ ಹೋದರು ಎಂಬುದು ಮಾತ್ರ ಬದಲಾಗುತ್ತ ಬಂತು. ಕೇರಳದಲ್ಲಿ ಕ್ರೈಸ್ತರ ಧ್ಯಾನಕೂಟ, ಗೋವಾದಲ್ಲಿ ಸ್ವಾಮೀಜಿಯ ಸತ್ಸಂಗ, ಥಾಯ್ಲೆಂಡಿನಲ್ಲಿ ಬಾಕ್ಸಿಂಗ್ ಪಂದ್ಯ. ಕೊನೆಯೂ ಬದಲಾಯಿತು. ಮಲಯಾಳಂ ನಾಯಕ ಗುಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಊರಿನಲ್ಲಿ ಉಳಿಯುತ್ತಾನೆ. ಚೀನೀ ಚಿತ್ರದ ನಾಯಕ ತಪ್ಪೊಪ್ಪಿಕೊಂಡು ಜೈಲು ಸೇರುತ್ತಾನೆ.

ಕೊಲೆ, ಕಳವು, ಸೇಡು ಎಲ್ಲ ಊರಿನಲ್ಲೂ ಇವೆ. ಅದನ್ನು ಯಾರು ನೋಡಿದರು, ನೋಡಿದವರು ಯಾಕೆ ಬಾಯಿಬಿಡಲಿಲ್ಲ, ಠಾಣೆಯ ಮೆಟ್ಟಿಲು ಹತ್ತಲು ಯಾರಿಗೆ ಧೈರ್ಯವಿದೆ ಎಂಬುದನ್ನು ಹೇಳಬೇಕಾದ್ದು ಆಯಾ ಊರು. ಒಳ್ಳೆಯ ಕ್ರೈಂ ಸಿನಿಮಾ ಹುಡುಕುವವರು ಇದೊಂದನ್ನು ಗಮನಿಸಿದರೆ ಸಾಕು: ಕಥೆಯಿಂದ ಊರನ್ನು ತೆಗೆದರೆ ಅಪರಾಧ ನಡೆಯುತ್ತದೆಯೇ, ಇಲ್ಲವೇ?

ಈ ದೃಷ್ಟಿಯಿಂದ ಮೊದಲು ನೋಡಬೇಕಾದ್ದು ರಕ್ಷಿತ್ ಶೆಟ್ಟಿ ಅವರ ‘ಉಳಿದವರು ಕಂಡಂತೆ’ (2014). ಮಲ್ಪೆಯ ಬಂದರು, ದೋಣಿಗಳು, ಕೃಷ್ಣಾಷ್ಟಮಿಯ ಹುಲಿವೇಷ ಇದರಲ್ಲಿವೆ. ಒಂದೇ ಘಟನೆಯನ್ನು ಹಲವರು ತಮಗೆ ಕಂಡಷ್ಟು ಹೇಳುತ್ತಾರೆ. ಮೀನು ಇಳಿಯುವ ಧಕ್ಕೆಯಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು, ಯಾರಿಗೂ ಪೂರ್ತಿ ಗೊತ್ತಿಲ್ಲ. ಕಥೆಯ ಕಟ್ಟಡವೇ ಆ ಬದುಕಿನಿಂದ ಬಂದಿದೆ. ತಮಿಳಿನಲ್ಲಿ ಇದು 2017ರಲ್ಲಿ ‘ರಿಚೀ’ ಆಗಿ ತೂತ್ತುಕುಡಿಯ ಕಡಲಿಗೆ ಹೋಯಿತು. ಅಲ್ಲೂ ಕಡಲಿದೆ, ಬಲೆಯಿದೆ, ಬೆಸ್ತರಿದ್ದಾರೆ. ಅಷ್ಟಮಿಯ ಮರುದಿನ ವಿಟ್ಲಪಿಂಡಿಗೆ ರಥಬೀದಿಯಲ್ಲಿ ನೆರೆಯುವ ಉಡುಪಿ ಮಾತ್ರ ಅಲ್ಲಿಲ್ಲ.

ರಾಜ್ ಬಿ. ಶೆಟ್ಟಿ ಅವರ ‘ಗರುಡ ಗಮನ ವೃಷಭ ವಾಹನ’ (2021) ಇನ್ನೂ ಬಿಗಿಯಾದ ಚಿತ್ರ. ಮಂಗಳೂರಿನ ಮಂಗಳಾದೇವಿಯ ಆಸುಪಾಸಿನಲ್ಲಿ ಹರಿ ಮತ್ತು ಶಿವ ಎಂಬ ಗೆಳೆಯರು ರೌಡಿಗಳಾಗಿ ಬೆಳೆಯುತ್ತಾರೆ. ಇದರ ಒಂದು ದೃಶ್ಯವನ್ನು ನಿಧಾನವಾಗಿ ನೋಡಬೇಕು. ಕೊಂದ ಮೇಲೆ ಶಿವ ಕುಣಿಯುತ್ತಾನೆ. ಹೆಜ್ಜೆ ಹುಲಿಕುಣಿತದ್ದು, ದಸರೆಯಲ್ಲಿ ಮಂಗಳೂರಿನ ಬೀದಿಬೀದಿಯಲ್ಲಿ ತಾಸೆಯ ಪೆಟ್ಟಿಗೆ ಹುಡುಗರು ಹಾಕುವಂಥದ್ದು. ಹಿನ್ನೆಲೆಗೆ ತಾಸೆಯಿಲ್ಲ. ಕೇಳಿಸುವುದು ಚೈತ್ರಾ ಆಚಾರ್ ದನಿಯಲ್ಲಿ ‘ಸೋಜುಗಾದ ಸೂಜುಮಲ್ಲಿಗೆ’, ಮಲೆ ಮಹದೇಶ್ವರನ ಭಕ್ತರ ಹಾಡು. ಚಾಮರಾಜನಗರದ ಬೆಟ್ಟದ ಮಾದಪ್ಪ ಕರಾವಳಿಯ ಕೊಲೆಗಾರನ ಮೈಮೇಲೆ ಬಂದಂತೆ ಭಾಸವಾಗುತ್ತದೆ. ಊರಿನವರು ಭಕ್ತಿಗೆಂದು ಕಲಿತ ಹೆಜ್ಜೆ ಕ್ರೌರ್ಯಕ್ಕೂ ಒದಗಿತಲ್ಲ ಎಂಬ ದಿಗಿಲು ನೋಡುಗನನ್ನು ಹಿಡಿಯುತ್ತದೆ. ಇನ್ನೊಂದು ನಗರದ ರೌಡಿಗೆ ಈ ಕುಣಿತ ಬರೆಯಲು ಸಾಧ್ಯವೇ ಇಲ್ಲ.

ಮಂಗಳೂರಿನಿಂದ ತುಸು ತೆಂಕಣಕ್ಕೆ, ಕನ್ನಡ, ತುಳು, ಮಲಯಾಳಂ ಮೂರೂ ಕೇಳುವ ಕಾಸರಗೋಡು ಮಲಯಾಳಿಗರಿಗೆ ಈಗ ದೊಡ್ಡ ಕಥಾಕಣಜ. ದಿಲೀಶ್ ಪೋತನ್ ಅವರ ‘ತೊಂಡಿಮುದಲುಂ ದೃಕ್ಸಾಕ್ಷಿಯುಂ’ (2017) ಅದಕ್ಕೆ ಒಳ್ಳೆಯ ಸಾಕ್ಷಿ. ಹಿನ್ನೀರಿನ ಸೀಮೆಯಿಂದ ಬಂದ ಹೊಸ ದಂಪತಿ ಇಲ್ಲಿನ ಒಣನೆಲದಲ್ಲಿ ಬದುಕು ಕಟ್ಟಲು ಹೊರಡುತ್ತಾರೆ. ಬಸ್ಸಿನಲ್ಲಿ ಹೆಂಡತಿಯ ಚಿನ್ನದ ಸರ ಕಳ್ಳನ ಪಾಲಾಗುತ್ತದೆ. ಸಿಕ್ಕಿಬಿದ್ದ ಕಳ್ಳ ಅದನ್ನು ನುಂಗಿಬಿಟ್ಟಿದ್ದಾನೆ. ಮುಂದಿನ ಕಥೆಯೆಲ್ಲ ಒಂದು ಸಣ್ಣ ಪೊಲೀಸ್ ಠಾಣೆಯಲ್ಲಿ ನಡೆಯುವ ಕಾಯುವಿಕೆ. ಠಾಣೆಯ ಕೆಲವು ಪಾತ್ರಗಳಿಗೆ ನಿಜವಾದ ಪೊಲೀಸರನ್ನೇ ಆರಿಸಿಕೊಂಡಿದ್ದರಿಂದ ಅವರ ನಡೆನುಡಿಯಲ್ಲಿ ನಾಟಕೀಯತೆಯಿಲ್ಲ. ನೀರಿಲ್ಲದ ನೆಲ ಇಲ್ಲದಿದ್ದರೆ ಆ ಸರಕ್ಕೆ ಅಷ್ಟು ಬೆಲೆ ಬರುತ್ತಿರಲಿಲ್ಲ. ಒಂದೂ ಕೊಲೆಯಿಲ್ಲದೆ ಎದೆ ಬಡಿದುಕೊಳ್ಳುವಂತೆ ಮಾಡುವುದು ಹೇಗೆಂದು ಇದನ್ನು ನೋಡಿ ಕಲಿಯಬೇಕು.

ಮಲೆನಾಡಿನವರಿಗೆ ಸಂದೀಪ್ ಸುಂಕದ್ ಅವರ ‘ಶಾಖಾಹಾರಿ’ (2024) ಹೇಳಲೇಬೇಕು. ಸಸ್ಯಾಹಾರಿ ಹೋಟೆಲಿನ ಸುಬ್ಬಣ್ಣನಾಗಿ ರಂಗಾಯಣ ರಘು ಕೊಟ್ಟ ಅಭಿನಯ ಅವರ ವೃತ್ತಿಬದುಕಿನ ಶ್ರೇಷ್ಠ ಕೆಲಸಗಳಲ್ಲೊಂದು.

ಬೆಂಗಳೂರಿಗೆ ಊರಿನ ಗುಣವೇ ಇಲ್ಲ, ಅದು ಎಲ್ಲರದೂ ಆಗಿ ಯಾರದೂ ಆಗಿಲ್ಲ ಎನ್ನುವವರಿದ್ದಾರೆ. ಭೂಗತಲೋಕದ ‘ಓಂ’ (1995), ‘ಆ ದಿನಗಳು’ (2007) ಆ ಮಾತನ್ನು ಎಂದೋ ಸುಳ್ಳು ಮಾಡಿವೆ. ಪವನ್ ಕುಮಾರ್ ಅವರ ‘ಯೂ ಟರ್ನ್’ (2016) ಇನ್ನೊಂದು ದಿಕ್ಕಿನಿಂದ ಉತ್ತರ ಕೊಟ್ಟಿತು. ಡಬಲ್ ರೋಡ್ ಮೇಲ್ಸೇತುವೆಯಲ್ಲಿ ಬೈಕಿನವರು ಡಿವೈಡರ್ ಕಲ್ಲು ಸರಿಸಿ ಅಡ್ಡದಾರಿಯಲ್ಲಿ ತಿರುಗುತ್ತಾರೆ. ಸರಿಸಿದ ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ, ಹಿಂದೆ ಬಂದವರು ಬೀಳುತ್ತಾರೆ. ಹಾಗೆ ತಿರುಗಿದ ಗಾಡಿಗಳ ನಂಬರನ್ನು ಒಬ್ಬ ಭಿಕ್ಷುಕ ಬರೆದಿಡುತ್ತಾನೆ. ನಾಲ್ಕು ನಿಮಿಷ ಉಳಿಸುವ ಆತುರವನ್ನು ಈ ನಗರ ಅಪರಾಧವೆಂದೇ ಎಣಿಸುವುದಿಲ್ಲ. ಚಿತ್ರ ಅದನ್ನು ಕೊಲೆಯ ಪಕ್ಕದಲ್ಲೇ ನಿಲ್ಲಿಸುತ್ತದೆ.

ಬರೀ ಮಾತಿನ ಧಾಟಿ ಹಚ್ಚಿ ಊರು ತಂದೆವು ಎನ್ನುವ ಚಿತ್ರಗಳು ಬೇರೆ. ಈ ಅನ್ಯಾಯ ಹೆಚ್ಚು ಆಗಿರುವುದು ಉತ್ತರ ಕರ್ನಾಟಕಕ್ಕೆ. ಅಲ್ಲಿನ ಕನ್ನಡ ನಮ್ಮ ತೆರೆಯ ಮೇಲೆ ಬಹುಕಾಲ ನಗಿಸುವವರ ಬಾಯಲ್ಲೋ ಮಚ್ಚು ಹಿಡಿದವರ ಬಾಯಲ್ಲೋ ಕೇಳಿಸಿತು. ದುನಿಯಾ ವಿಜಯ್ ನಟಿಸಿದ ‘ಭೀಮಾ ತೀರದಲ್ಲಿ’ (2012) ಬಂದ ಮೇಲೆ ‘ಭೀಮಾ ತೀರ’ ಎಂದರೆ ಗುಂಡಿನ ಸದ್ದು ಎಂಬ ಕಲ್ಪನೆ ಇನ್ನಷ್ಟು ಗಟ್ಟಿಯಾಯಿತು. ಆ ತೀರದ ಮರಳು ರಾತ್ರೋರಾತ್ರಿ ಯಾರ ಟಿಪ್ಪರಿನಲ್ಲಿ ಹೋಗುತ್ತದೆ, ಕಬ್ಬಿನ ತೂಕದಲ್ಲಿ ರೈತ ಕಳೆದುಕೊಂಡದ್ದು ಯಾರ ಜೇಬಿಗೆ ಸೇರುತ್ತದೆ, ಗುಳೆ ಹೋದವರ ಬೀಗ ಹಾಕಿದ ಮನೆಯಲ್ಲಿ ಏನು ನಡೆಯುತ್ತದೆ ಎಂದು ಕೇಳುವ ಪತ್ತೇದಾರಿ ಚಿತ್ರಕ್ಕೆ ಅಲ್ಲಿ ಬೇಕಾದಷ್ಟು ಜಾಗವಿದೆ.

ಕಲಬುರಗಿ, ವಿಜಯಪುರ, ರಾಯಚೂರಿನಲ್ಲಿ ಇದನ್ನು ಬರೆಯಬಲ್ಲ ಹುಡುಗ ಹುಡುಗಿಯರು ಇದ್ದಾರೆ. ಕುಂದಾಪುರದ ಕಡೆಯ ಮಾತು ತುಂಬಿದ ‘ಕಾಂತಾರ’ವನ್ನು 2022ರಲ್ಲಿ ನಾಡೆಲ್ಲ ಮುಗಿಬಿದ್ದು ನೋಡಿತು. ಹೀಗಿರುವಾಗ ‘ಆ ಕಡೆ ಭಾಷೆ ಈ ಕಡೆಯವರಿಗೆ ತಿಳಿಯೋದಿಲ್ಲ’ ಎಂಬ ನೆಪ ಗಾಂಧಿನಗರದ ನಿರ್ಮಾಪಕರಿಗೆ ಉಳಿದಿಲ್ಲ. ಮುಂದಿನ ಕ್ರೈಂ ಕಥೆಗೆ ಅವರು ಕೊಲ್ಲಿಯ ದೇಶಕ್ಕೋ ಬ್ಯಾಂಕಾಕ್‌ಗೋ ಲೊಕೇಶನ್ ನೋಡಲು ಹೋಗುವ ಮೊದಲು ರಾತ್ರಿ ಬಸ್ಸು ಹತ್ತಿ ಸಿಂದಗಿಯಲ್ಲೋ ಅಫಜಲಪುರದಲ್ಲೋ ಇಳಿಯಲಿ, ಒಂದು ವಾರ ಅಲ್ಲಿಯ ಮಾತು ಕೇಳಲಿ.