ಕ್ಯಾಮರಾ ಕಣ್ಣು ಮುಚ್ಚಿತು, ಅರ್ಧ ಆಕಾಶ ಹೋಯ್ತು!

ಪರದೆಯ ಮೇಲೆ ನಕ್ಷತ್ರಗಳು ಮೆರವಣಿಗೆ ಹೊರಟರೆ ಗಾಂಧಿ ಕ್ಲಾಸಿನಲ್ಲಿ ಸೀಟಿ ಗ್ಯಾರಂಟಿ! ಆದರೆ ಮಿತ್ರರೇ, ಅದು ಸಾಮಾನ್ಯವಾಗಿ ಸಿನಿಮಾ ಕ್ಯಾಮರಾ ಓಡಿಸಿ ತೆಗೆದದ್ದಲ್ಲ. ಫಿಲಂ ಕಾಲದಲ್ಲಿ ಎಷ್ಟೋ ಸಲ ಹಗಲಲ್ಲೇ ಫಿಲ್ಟರ್ ಹಾಕಿ ಶೂಟ್ ಮಾಡಿ 'ಇದೇ ರಾತ್ರಿ' ಅನ್ನುತ್ತಿದ್ದರು. ಈಗ ಸ್ಟಿಲ್ ಕ್ಯಾಮರಾದಲ್ಲಿ ಒಂದೊಂದು ಫೋಟೋಕ್ಕೂ 20 ಸೆಕೆಂಡು ಶಟರ್ ತೆರೆದಿಡುತ್ತಾರೆ. ಅಂಥ 240 ಫೋಟೋ ಪೋಣಿಸಿದರೆ ಪರದೆಯ ಮೇಲೆ ಬರೇ 10 ಸೆಕೆಂಡು!

ಆ ಹತ್ತು ಸೆಕೆಂಡಿಗಾಗಿ ಜವಳಗೇರಾದ ನನ್ನ ಗೆಳೆಯ ಒಂದು ರಾತ್ರಿಗೆ ಕ್ಯಾಮರಾ ಬಾಡಿಗೆ ತಂದಿದ್ದ. ಮದುವೆ ಫೋಟೋ ತೆಗೆಯುವ ಹುಡುಗ. ಮರುದಿನ ಸಂಜೆ ಬೆಂಗಳೂರು ಬಸ್ಸು. ಅಲ್ಲಿ ಒಬ್ಬ ಛಾಯಾಗ್ರಾಹಕರಿಗೆ ಈ ಶಾಟ್ ತೋರಿಸಿ ಸಹಾಯಕನಾಗಿ ಸೇರುವ ಆಸೆ. ಏಪ್ರಿಲ್ ಅಮಾವಾಸ್ಯೆ. ಭತ್ತ ಕೊಯ್ದ ಗದ್ದೆಯ ಬದುವಿನ ಮೇಲೆ ಟ್ರೈಪಾಡ್. ನಡುರಾತ್ರಿಯಾದರೂ ನೆಲದ ಕಾವು ಆರಿರಲಿಲ್ಲ.

ಸೆಟ್ಟಿಂಗ್ ನನ್ನ ಪಾಲಿಗೆ ಬಂತು. ಪಿಯುಸಿ ಬಿಟ್ಟವನಾದರೂ ಮೆನು ಓದಬಲ್ಲೆ ಎಂಬ ಜಂಬ! 'ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್' ಕಂಡಿತು. ಒಳ್ಳೇದೇ ಇರಬೇಕು ಅಂತ ಆನ್ ಮಾಡಿದೆ. 22 ಸೆಕೆಂಡಿಗೊಂದು ಕ್ಲಿಕ್ ಆಗುವಂತೆ ಟೈಮರ್ ಇಟ್ಟು, ಗೋಣಿಚೀಲ ಹಾಸಿ ಕೂತೆವು.

"ಯಾಕಲೇ, ಕ್ಲಿಕ್ ಸಪ್ಪಳ ಕಡಿಮಿ ಅನಸ್ತೈತಿ?" ಅಂದ.

"ಸುಮ್ನಿರಪಾ, ಕ್ಯಾಮರಾಕ್ಕ ನಮಗಿಂತ ಬುದ್ಧಿ ಐತಿ" ಅಂದೆ.

ಒಂದೂವರೆ ತಾಸಿನ ಮೇಲೆ ಎಣಿಸಿದರೆ 240 ಇರಬೇಕಾದಲ್ಲಿ 120! ಮತ್ತೆ ಹೊಡೆಯೋಣವೆಂದರೆ ಬ್ಯಾಟರಿ ಖಲಾಸ್.

ಆಗಿದ್ದೇನು? ಶಟರ್ ಬಹಳ ಹೊತ್ತು ತೆರೆದಿದ್ದರೆ, ಅದರಲ್ಲೂ ಸೆಕೆಯಲ್ಲಿ, ಸೆನ್ಸರಿನ ಕೆಲವು ಕಣಗಳು ಬೆಳಕಿಲ್ಲದೆಯೂ ಕೆಂಪು, ನೀಲಿ ಚುಕ್ಕೆಗಳಾಗಿ ಉರಿಯುತ್ತವೆ. ನಕ್ಷತ್ರ ಸರಿಯುತ್ತದೆ, ಈ ಚುಕ್ಕೆ ಮಾತ್ರ ಪರದೆಗೆ ಅಂಟಿಕೊಂಡು ಕೂರುತ್ತದೆ. ಅದಕ್ಕೇ ಆ ಸೆಟ್ಟಿಂಗ್ ಇದ್ದರೆ ಕ್ಯಾಮರಾ ಪ್ರತಿ ಫೋಟೋ ಆದಮೇಲೆ ಕಣ್ಣು ಮುಚ್ಚಿ, ಅಷ್ಟೇ ಹೊತ್ತು ಇನ್ನೊಂದು ಕಪ್ಪು ಫೋಟೋ ತೆಗೆದು, ಅದರ ಚುಕ್ಕೆಗಳನ್ನು ಮೊದಲನೆಯದರಿಂದ ಕಳೆಯುತ್ತದೆ. ಒಂದೇ ಫೋಟೋಕ್ಕಾದರೆ ವರ. ಸಾಲು ಫೋಟೋಕ್ಕೆ ಶಾಪ! ಅದು ಕಣ್ಣು ಮುಚ್ಚಿದ್ದಾಗ ನಮ್ಮ ಟೈಮರ್ ಒತ್ತಿದ ಕ್ಲಿಕ್ಕೆಲ್ಲ ಗಾಳಿಗೆ ಹೋಯ್ತು.

ಕ್ಯಾಮರಾ ಹುಚ್ಚಿನ ತಮ್ಮಂದಿರೇ, ಸಾಲು ತೆಗೆಯುವಾಗ ಅದನ್ನು ಆಫ್ ಮಾಡಿ. ರಾ ಫೈಲಿನಲ್ಲೇ ತೆಗೆಯಿರಿ. ಎಲ್ಲ ಮುಗಿದ ಮೇಲೆ ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್‌ಒ, ಅದೇ 20 ಸೆಕೆಂಡು ಇಟ್ಟು 15-20 ಕಪ್ಪು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಅವುಗಳ ಸರಾಸರಿ ಕಳೆಯಿರಿ. ಆ ಕಪ್ಪು ಫೋಟೋ ಅದೇ ಗದ್ದೆಯ ಅದೇ ಸೆಕೆಯಲ್ಲಿ ಆಗಬೇಕು. ಮನೆಗೆ ಬಂದು ಫ್ಯಾನಿನ ಕೆಳಗೆ ತೆಗೆದರೆ ಲೆಕ್ಕ ತಪ್ಪುತ್ತದೆ. ಮತ್ತೆ, ಇನ್ನೊಂದು ಬ್ಯಾಟರಿ ಮರೀಬೇಡಿ.

ಗೆಳೆಯ ಐದೇ ಸೆಕೆಂಡಿನ ಶಾಟ್ ಹಿಡಿದು ಬಸ್ ಹತ್ತಿದ. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಗೆಳೆಯಾ, ಯಾವುದಾದರೂ ಬಸ್ ಸ್ಟ್ಯಾಂಡಿನಲ್ಲಿ ಇದನ್ನು ಓದಿದರೆ, ತಪ್ಪು ನಂದೇ. ಒಂದು ಅಮಾವಾಸ್ಯೆಗೆ ಊರಿಗೆ ಬಾ. ಈ ಸಲ ಬಾಡಿಗೆ ನನ್ನದು!